ಅಡುಗೆ ಕಟ್ಟೆಗೆ ಕೊಟ್ಟಿದ್ದು ಯಾವ ಕಲ್ಲು ಅಂತ ಬಿಲ್‌ನಲ್ಲಿ ಬರೀಲಿ

ಮಾನ್ಯ ಸಂಪಾದಕರೇ,

ಮನೆ-ಒಳಾಂಗಣದ ಪುಟದಲ್ಲಿ ನೀವು ಹಾಕೋ ಅಡುಗೆಮನೆ ಫೋಟೊಗಳನ್ನ ನಮ್ಮ ಕಡೆ ಜನ ಕತ್ತರಿಸಿ ಇಟ್ಕೊಂಡಿರ್ತಾರೆ, ಮನೆ ಕಟ್ಟಿಸೋ ಟೈಮಿಗೆ ಅದನ್ನ ತಂದು ನಮ್ಮಂಥೋರ ಕೈಗೆ ಕೊಟ್ಟು ಇದೇ ಥರ ಬೇಕು ನೋಡಿ ಅಂತಾರೆ. ನಾನು ತುಮಕೂರು ಸುತ್ತಮುತ್ತ ಮನೆ ಕಟ್ಟೋ ಸೈಟ್‌ಗಳ ಉಸ್ತುವಾರಿ ನೋಡ್ಕೊಳ್ಳೋನು, ಫ್ಲೋರಿಂಗು ಕಿಚನ್ನು ಎಲ್ಲ ಕೊನೆಗೆ ಬಂದು ಬೀಳೋದು ನನ್ನ ತಲೆ ಮೇಲೇ. ಈಚೆಗೆ ಬರ್ತಿರೋ ಫೋಟೊ ನೋಡಿದ್ರೆ ಎಲ್ಲದ್ರಲ್ಲೂ ಬಿಳೀ ಮಾರ್ಬಲ್ ಕಟ್ಟೆ, ಅದ್ರ ಮೇಲೆ ಶೋಗೆ ಅಂತ ಒಂದು ಬುಟ್ಟಿ ತುಂಬ ನಿಂಬೆಹಣ್ಣು. ಅವೆರಡನ್ನೂ ಜೊತೇಲಿ ಇಟ್ಟು ಫೋಟೊ ತೆಗೆದೋರಿಗೆ ಕಲ್ಲು ಗೊತ್ತಿಲ್ಲ, ಇಲ್ಲಾಂದ್ರೆ ಆ ಮನೇಲಿ ಯಾರೂ ಅಡುಗೆ ಮಾಡಲ್ಲ.

ಯಾಕಂದ್ರೆ ಮಾರ್ಬಲ್ ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಕ್ಯಾಲ್ಸೈಟು, ಅಂದ್ರೆ ಸುಣ್ಣದ ಖನಿಜ. ರಾಜಸ್ಥಾನದ ಮಕ್ರಾನದ್ದಾದ್ರೂ ಅಷ್ಟೇ ಇಟಲಿಯಿಂದ ಹಡಗಲ್ಲಿ ಬಂದಿದ್ದಾದ್ರೂ ಅಷ್ಟೇ, ಹುಳಿ ಬಿದ್ರೆ ತಡೆಯಲ್ಲ. ನಿಂಬೇಲಿ ಸಿಟ್ರಿಕ್ ಆಸಿಡ್, ಹುಣಸೇಲಿ ಟಾರ್ಟಾರಿಕ್ ಆಸಿಡ್, ಮೊಸರಲ್ಲಿ ಲ್ಯಾಕ್ಟಿಕ್ ಆಸಿಡ್, ಟೊಮೆಟೊ ಬೇರೆ ಇದೆ, ನಮ್ಮ ಅಡುಗೇಲಿ ಹುಳಿ ಇಲ್ಲದ ಹೊತ್ತು ಯಾವುದು ಹೇಳಿ. ಚಿತ್ರಾನ್ನಕ್ಕೆ ನಿಂಬೆ ಹಿಂಡಿ ಹೋಳನ್ನ ಹಾಗೇ ಕಟ್ಟೆ ಮೇಲೆ ಕವುಚಿ ಇಟ್ಟು, ಅಷ್ಟರಲ್ಲಿ ಫೋನ್ ಬಂತು ಅಂತ ಹೋಗಿ ಬಂದು ಒರೆಸಿ ನೋಡಿದ್ರೆ ಹೋಳು ಇದ್ದಷ್ಟಗಲ ಒಂದು ಮಂಕು ಉಂಗುರ ಕೂತಿರುತ್ತೆ. ಅದನ್ನ ಎಲ್ಲರೂ ಕಲೆ ಅಂದ್ಕೊಂಡು ಉಜ್ತಾರೆ ಉಜ್ತಾರೆ, ಅದು ಕಲೆ ಅಲ್ಲ ಸ್ವಾಮಿ, ಅಲ್ಲಿ ಪಾಲಿಶ್ ಕರಗಿ ಹೋಗಿರುತ್ತೆ, ಮತ್ತೆ ಮಷೀನ್ ತರಿಸಿ ಪಾಲಿಶ್ ಹೊಡೆಸಿದ್ರೇನೇ ಸರಿ ಹೋಗೋದು. ಅಂಗಡೀಲಿ ಕೇಳಿದ್ರೆ ಸೀಲರ್ ಹೊಡೆದುಬಿಟ್ರೆ ಏನೂ ಆಗಲ್ಲ ಸರ್ ಅಂತಾರೆ. ಸೀಲರ್ ಕಲ್ಲಿನ ಸೂಕ್ಷ್ಮ ರಂಧ್ರದೊಳಕ್ಕೆ ಎಣ್ಣೆ ನೀರು ಇಳಿಯೋದನ್ನ ತಡೆಯುತ್ತೆ ಅಷ್ಟೇ, ಹುಳಿ ಬಂದು ಮೇಲ್ಮೈ ತಿನ್ನೋದನ್ನ ಅದು ತಡೆಯೋದಿಲ್ಲ.

ಹಾಗಂತ ಸುಣ್ಣದಕಲ್ಲು ನಮಗೆ ಹೊಸದೇನಲ್ಲ. ಕಲಬುರಗಿ ಜಿಲ್ಲೆ ಶಹಾಬಾದ್ ಕಲ್ಲು ಸುಣ್ಣದಕಲ್ಲೇ, ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಸಾಲಾಗಿ ಇರೋದೂ ಆ ನೆಲದಲ್ಲಿ ಸುಣ್ಣದಕಲ್ಲು ಇರೋದಕ್ಕೇ. ನೆಲಕ್ಕೆ ಅದು ಬಹಳ ಒಳ್ಳೇದು, ಬೇಸಿಗೇಲಿ ಕಾಲಿಗೆ ತಣ್ಣಗಿರುತ್ತೆ. ಆಂಧ್ರದ ಕಡಪ ಕಲ್ಲು ಕೂಡ ಸುಣ್ಣದಕಲ್ಲೇ, ಕಪ್ಪು ಬಣ್ಣದ್ದು. ಹಳೇ ಮನೆಗಳಲ್ಲಿ ಅಡುಗೆ ಕಟ್ಟೆ, ಪಾತ್ರೆ ಶೆಲ್ಫು ಎಲ್ಲ ಅದ್ರದ್ದೇ, ಸಿಂಕ್ ಹತ್ರ, ಹುಣಸೆ ನೆನೆಸೋ ಜಾಗದಲ್ಲಿ ಬೆಳ್ಳಗೆ ಬೂದಿ ಬಳಿದಂಗೆ ಆಗಿರೋದನ್ನ ನೋಡಿರ್ತೀರಿ, ಅದಕ್ಕೆ ಕೆಲವರು ವಾರಕ್ಕೊಂದ್ಸಲ ಕೊಬ್ಬರಿ ಎಣ್ಣೆ ಹಚ್ಚಿ ಕಪ್ಪು ಮಾಡ್ಕೊಳ್ತಾರೆ, ಹಚ್ಚಿದ ದಿನ ಚೆಂದ ಆಮೇಲೆ ಧೂಳೆಲ್ಲ ಅಂಟಿ ಜಿಡ್ಡು. ಈಗಿನವರು ಕಡಪವನ್ನ ಕೆಳಗೆ ಹಾಕಿ ಮೇಲೆ ಗ್ರಾನೈಟ್ ಕೂರಿಸ್ತಾರೆ, ಅದು ಸರಿಯಾದ ಪದ್ಧತಿ, ಭಾರ ಹೊರೋಕೆ ಕಡಪ, ಹುಳಿ ತಡೆಯೋಕೆ ಗ್ರಾನೈಟು.

ಹಳಬರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿರಲಿಲ್ಲ ಅನ್ಸುತ್ತೆ. ಮಲೆನಾಡು, ಕರಾವಳಿ ಕಡೆ ಉಪ್ಪಿನಕಾಯಿ ಹಾಕಿಡೋ ಕಲ್ಲಿನ ಮರಿಗೆ ಬಳಪದ ಕಲ್ಲಿನದ್ದು, ಉಗುರಲ್ಲಿ ಗೀಚಿದ್ರೂ ಗೆರೆ ಬೀಳೋ ಅಷ್ಟು ಮೆತ್ತಗಿನ ಕಲ್ಲು, ಆದ್ರೆ ಎಷ್ಟೇ ಹುಳಿ ಹಾಕಿ ಅದಕ್ಕೇನೂ ಆಗಲ್ಲ. ಅಂದ್ರೆ ಕಲ್ಲು ಗಟ್ಟಿ ಇರೋದೇ ಬೇರೆ, ಹುಳಿ ತಡೆಯೋದೇ ಬೇರೆ.

ಈಗ ಗ್ರಾನೈಟಿಗೆ ಬರ್ತೀನಿ. ನಿಜವಾದ ಗ್ರಾನೈಟಲ್ಲಿ ಇರೋದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಜೊತೆಗೆ ಒಂದಿಷ್ಟು ಅಭ್ರಕ. ಗಟ್ಟಿತನದ ಮೋಸ್ ಅಳತೇಲಿ ಕ್ವಾರ್ಟ್ಜ್ 7, ಫೆಲ್ಡ್‌ಸ್ಪಾರ್ 6, ಮಾರ್ಬಲ್ಲಿನ ಕ್ಯಾಲ್ಸೈಟ್ ಬರೀ 3. ಮಾಮೂಲಿ ಸ್ಟೀಲ್ ಚಾಕು ಇವೆರಡರ ಮಧ್ಯೆ ಬರುತ್ತೆ, ಅದಕ್ಕೇ ಚಾಕು ಮಾರ್ಬಲ್ ಮೇಲೆ ಗೀರು ಹಾಕುತ್ತೆ, ಗ್ರಾನೈಟ್ ಮೇಲೆ ಚಾಕುವೇ ಮೊಂಡಾಗುತ್ತೆ. ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಬರ ಇಲ್ಲ, ಇಳಕಲ್ಲಿನ ಕೆಂಪು-ಗುಲಾಬಿ ಕಲ್ಲು, ಕನಕಪುರ ಕಡೆಯ ಬಣ್ಣಬಣ್ಣದ ಅಲೆ ಅಲೆ ಕಲ್ಲು, ದೇವನಹಳ್ಳಿ ಕಡೆಯ ಸಾದರಹಳ್ಳಿ ಬೂದುಗಲ್ಲು, ಚಾಮರಾಜನಗರದ ಕರಿಕಲ್ಲು. ಪಕ್ಕದ ಆಂಧ್ರದ ಚೀಮಕುರ್ತಿಯಿಂದ ಬ್ಲ್ಯಾಕ್ ಗ್ಯಾಲಕ್ಸಿ ಬರುತ್ತೆ, ಅದ್ರಲ್ಲಿ ಮಿನುಗೋ ಚಿನ್ನದ ಚುಕ್ಕಿ ಬ್ರಾಂಜೈಟ್ ಅನ್ನೋ ಖನಿಜ, ಚಿನ್ನ ಅಲ್ಲ ಬಿಡಿ. ಚಾಮರಾಜನಗರದ ಕರಿಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ, ಡಾಲರೈಟ್ ಅನ್ನೋ ಬೇರೆ ಜಾತಿ ಕಲ್ಲು. ಬೇಸರ ಬೇಡ, ಅಡುಗೆ ಕಟ್ಟೆಗೆ ಅದಕ್ಕಿಂತ ಒಳ್ಳೇದು ಸಿಗೋದು ಕಷ್ಟ, ಕಣ ಸಣ್ಣದು, ಒತ್ತಾಗಿರುತ್ತೆ, ಎಣ್ಣೆ ನೀರು ಕುಡಿಯೋದು ತೀರಾ ಕಮ್ಮಿ. ವಿದೇಶಕ್ಕೆ ಸಮಾಧಿ ಕಲ್ಲಿಗೆ ಅಂತ ಎಷ್ಟೋ ಕಾಲದಿಂದ ಹೋಗ್ತಿರೋದೂ ಅದೇ.

ತೊಂದರೆ ಶುರುವಾಗೋದು ಇಲ್ಲಿಂದಲೇ. ಒಳ್ಳೇ ಕರಿಕಲ್ಲಿಗೆ ಬೆಲೆ ಜಾಸ್ತಿ, ಹಾಗಾಗಿ ಬೂದು ಬಣ್ಣದ ಅಗ್ಗದ ಕಲ್ಲಿಗೆ ಕರಿ ಬಣ್ಣ ಕುಡಿಸಿ ಜೆಟ್ ಬ್ಲ್ಯಾಕ್ ಅಂತ ಮಾರೋದೂ ನಡೀತಿದೆ. ಒಂದು ಯಾರ್ಡಲ್ಲಿ (ಹೆಸರು ಬೇಡ) ಸ್ಲ್ಯಾಬ್‌ಗಳನ್ನ ಸ್ಟ್ಯಾಂಡಿಗೆ ಒರಗಿಸಿ ನಿಲ್ಲಿಸಿದ್ರು, ನಾವು ಹೋದ ತಕ್ಷಣ ಹುಡುಗ ಪೈಪ್ ತಗೊಂಡು ಅದ್ರ ಮೇಲೆ ನೀರು ಬಿಟ್ಟ, ನೀರು ಬಿದ್ದ ಕಲ್ಲು ಯಾವಾಗಲೂ ಕಡುಬಣ್ಣ, ಪಳಪಳ ಅನ್ನುತ್ತೆ, ಮನೆಯವರು ಇದೇ ಆಯ್ತು ಅಂದುಬಿಟ್ರು. ಒಣಗಲಿ ಇರಿ ಅಂತ ನಿಲ್ಲಿಸಿ, ಜೇಬಲ್ಲಿದ್ದ ಬಿಳೀ ಕರ್ಚೀಫಿಗೆ ಅಸಿಟೋನ್ (ಉಗುರು ಬಣ್ಣ ತೆಗೆಯೋ ದ್ರವ ಇರುತ್ತಲ್ಲ, ಅದೇ) ಹಾಕಿ ಸ್ಲ್ಯಾಬಿನ ಮೂಲೇಲಿ ಜೋರಾಗಿ ಉಜ್ಜಿದೆ. ಕರ್ಚೀಫು ಕಪ್ಪಾಯ್ತು, ಉಜ್ಜಿದ ಜಾಗ ಪಕ್ಕದ್ದಕ್ಕಿಂತ ಒಂದು ಛಾಯೆ ತೆಳುವಾಯ್ತು. ಸ್ಲ್ಯಾಬ್ ಹಿಂದಕ್ಕೆ ಹೋಗಿ ಕತ್ತರಿಸಿದ ಅಂಚು ನೋಡಿದ್ರೆ ಒಳಗೆಲ್ಲ ಬೂದಿ ಬಣ್ಣ. ಅಂಗಡಿಯವರು ಅದು ಪಾಲಿಶ್ ಪೌಡರ್ ಸರ್ ಅಂದ್ರು. ಪಾಲಿಶ್ ಪೌಡರ್ ಆಗಿದ್ರೆ ಅಂಚು ಯಾಕೆ ಬೂದಿ ಅಂತ ಕೇಳಿದ್ದಕ್ಕೆ ಟೀ ತರಿಸಿದ್ರು. ಇಂಥ ಕಲ್ಲು ಹಾಕಿಸ್ಕೊಂಡ ಮನೇಲಿ ದಿನಾ ಒರೆಸಿ ಒರೆಸಿ ಸ್ಟವ್ ಮುಂದಿನ ಜಾಗ ಬೆಳ್ಳಗಾಗಿ, ನೀವು ಸರಿಯಾಗಿ ಮೇಂಟೇನ್ ಮಾಡಿಲ್ಲ ಅಂತ ಬೈಸ್ಕೊಳ್ಳೋದು ಮನೆ ಹೆಂಗಸರು. ನನಗೆ ಸಿಟ್ಟು ಬರೋದೇ ಅದಕ್ಕೆ.

ರೆಸಿನ್ (ಒಣಗಿ ಗಟ್ಟಿಯಾಗೋ ಅಂಟು) ಹಾಕಿರೋ ಸ್ಲ್ಯಾಬಿನ ಕಥೆ ಬೇರೆ. ಬಿರುಕು, ತೂತು ಇರೋ ಕಲ್ಲಿಗೆ ಎಪಾಕ್ಸಿ ಅನ್ನೋ ರೆಸಿನ್ ತುಂಬಿಸಿ ಹಿಂದೆ ಬಲೆ ಅಂಟಿಸಿರ್ತಾರೆ, ಅದೇನು ಮೋಸ ಅಲ್ಲ, ಕಲ್ಲು ಸಾಗಿಸೋವಾಗ ಒಡೀಬಾರ್ದು ಅಂತ ಮಾಡೋದು. ಆದ್ರೆ ಬಿಸಿಗೆ, ಬಿಸಿಲಿಗೆ ಆ ರೆಸಿನ್ ಹಳದಿಯಾಗಬಹುದು. ತಗೊಳ್ಳೋನಿಗೆ ಹೇಳ್ಬೇಕು ತಾನೇ? ಹಾಗೇ ಕ್ವಾರ್ಟ್‌ಜೈಟ್ (ಹುಳಿಗೆ ಜಗ್ಗದ ಗಟ್ಟಿ ಕಲ್ಲು) ಅಂತ ದುಬಾರಿ ಬೆಲೆಗೆ ಮಾರೋದ್ರಲ್ಲಿ ಕೆಲವು ನಿಜಕ್ಕೂ ಮಾರ್ಬಲ್ಲೇ ಇರ್ತವೆ, ಅದನ್ನ ಒಂದು ನಿಂಬೆಹೋಳೇ ಹೇಳಿಬಿಡುತ್ತೆ.

ಅದಕ್ಕೇ ನನ್ನ ಹತ್ರ ಬರೋರಿಗೆ ನಾನು ಹೇಳೋದಿಷ್ಟು, ಯಾರ್ಡಿಂದ ಅದೇ ಸ್ಲ್ಯಾಬಿನ ಅಂಗೈಯಷ್ಟು ತುಂಡು ಕೇಳಿ ತಗೊಳ್ಳಿ, ಕೊಡಲ್ಲ ಅಂದ್ರೆ ಬೇರೆ ಅಂಗಡಿಗೆ ನಡೀರಿ. ಮನೇಲಿ ಅದ್ರ ಮೇಲೆ ರಾತ್ರಿ ಒಂದು ಕಡೆ ನಿಂಬೆಹೋಳು, ಒಂದು ಕಡೆ ಕೊಬ್ಬರಿ ಎಣ್ಣೇಲಿ ಕಲಸಿದ ಅರಿಶಿನ ಇಟ್ಟು ಮಲಗಿ. ಬೆಳಿಗ್ಗೆ ತೊಳೆದು ಒಣಗಿಸಿ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ್ರೆ ನಿಂಬೆ ಜಾಗ ಮಂಕಾಗಿದೆಯಾ, ಎಣ್ಣೆ ಒಳಗೆ ಇಳಿದಿದೆಯಾ ಎಲ್ಲ ಕಾಣುತ್ತೆ. ಆಮೇಲೆ ನಾಕು ಹನಿ ನೀರು ಬಿಟ್ಟು ಹದಿನೈದು ನಿಮಿಷ ಕಾಯಿರಿ, ಹನಿ ಕೆಳಗಿನ ಕಲ್ಲು ಕಡುಬಣ್ಣ ಆದ್ರೆ ಅದಕ್ಕೆ ಸೀಲರ್ ಬೇಕು, ಆಗಲಿಲ್ಲ ಅಂದ್ರೆ ಸುಮ್ನೆ ದುಡ್ಡು ಖರ್ಚು ಮಾಡ್ಬೇಡಿ. ತಿಳಿಬಣ್ಣದ ಗ್ರಾನೈಟಿಗೆ ಸಾಮಾನ್ಯವಾಗಿ ಬೇಕಾಗುತ್ತೆ, ಕರಿಕಲ್ಲಿಗೆ ಬಹಳ ಸಲ ಬೇಡ.

ದಪ್ಪದ ವಿಷಯಾನೂ ಹೇಳ್ಬಿಡ್ತೀನಿ. 20 ಎಂಎಂ ಅಂತ ಮಾತಾಡಿ 16 ಎಂಎಂ ಕಳಿಸೋದು ಮಾಮೂಲು, ಅಂದ್ರೆ ಐದರಲ್ಲೊಂದು ಪಾಲು ಕಲ್ಲು ಕಮ್ಮಿ, ಅಂಚಿಗೆ ಎರಡು ಪಟ್ಟಿ ಅಂಟಿಸಿ ಮೋಲ್ಡಿಂಗ್ ಮಾಡಿದ ಮೇಲೆ ಯಾರಿಗೂ ಗೊತ್ತಾಗಲ್ಲ. ಲಾರಿಯಿಂದ ಇಳಿಸೋವಾಗಲೇ ಟೇಪ್ ಹಿಡೀರಿ. ಪೂರಾ 20 ಎಂಎಂ ಇದ್ರೆ ಚದರಡಿಗೆ ಸುಮಾರು 5 ಕೆಜಿ ತೂಗುತ್ತೆ, ಹತ್ತಡಿ ಉದ್ದ ಎರಡಡಿ ಅಗಲದ ಕಟ್ಟೆ ಅಂದ್ರೆ ನೂರು ಕೆಜಿ ಆಯ್ತು, ಮಾಡ್ಯುಲರ್ ಕಿಚನ್ನಿನ ಪ್ಲೈವುಡ್ ಡಬ್ಬದ ಮೇಲೆ ನೇರವಾಗಿ ಕೂರಿಸ್ತೀವಿ ಅನ್ನೋರಿಗೆ ಈ ಲೆಕ್ಕ ಮೊದಲು ಹೇಳಿ, ಅದ್ರ ಮೇಲೆ ವೆಟ್ ಗ್ರೈಂಡರ್ ಬೇರೆ ಅದುರುತ್ತೆ.

ಕಲ್ಲು ಮುರಿಯೋದು ಸಾಮಾನ್ಯವಾಗಿ ಸಿಂಕ್ ಮತ್ತೆ ಸ್ಟವ್ ಕೂರಿಸೋಕೆ ಕೊರೆದ ಜಾಗದಲ್ಲಿ. ಅಲ್ಲಿ ಮುಂದೆ ಹಿಂದೆ ಉಳಿಯೋದು ಮೂರ್ನಾಲ್ಕು ಇಂಚಿನ ಪಟ್ಟಿ. ಮೂಲೆಯನ್ನ ಕತ್ತರಿಸಿದಂಗೆ ಚೌಕ ಬಿಟ್ರೆ ಬಿರುಕು ಅಲ್ಲಿಂದಲೇ ಹೊರಡುತ್ತೆ, ದುಂಡಗೆ ಕೊರೆಸ್ಬೇಕು, ಜಾಯಿಂಟ್ ಅಲ್ಲಿ ಬರಬಾರದು. ಗ್ರಾನೈಟ್ ಬಿಸಿ ತಡೆಯುತ್ತೆ ನಿಜ, ಆದ್ರೂ ಉರಿಯಿಂದ ಇಳಿಸಿದ ಬಾಣಲೇನ ಆ ಸಣ್ಣ ಪಟ್ಟಿ ಮೇಲೆ ಇಟ್ರೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ತಣ್ಣಗಿದ್ದು ಸೀಳೋ ಸಾಧ್ಯತೆ ಇರುತ್ತೆ, ಒಂದು ಸ್ಟ್ಯಾಂಡ್ ಇಟ್ಕೊಳ್ಳೋಕೆ ಏನು ಕಷ್ಟ. ತೆಂಗಿನಕಾಯಿ ಕಟ್ಟೆ ಅಂಚಿಗೆ ಕುಟ್ಟಿ ಒಡೆಯೋರಿಗೆ ನಾನೇನೂ ಹೇಳಲ್ಲ, ಹೇಳಿ ಸಾಕಾಗಿದೆ.

ಇನ್ನು ಕೆಲಸಗಾರರು ಮನೆ ಬಿಟ್ಟುಕೊಡೋ ಹಿಂದಿನ ದಿನ ಮಾಡೋ ಕೆಲಸ ಒಂದಿದೆ. ಸಿಮೆಂಟ್ ಕಲೆ ಹೋಗ್ಲಿ ಅಂತ ಬಕೆಟ್ಟಲ್ಲಿ ಆಸಿಡ್ ಕಲಸಿ ಕಟ್ಟೆ, ನೆಲ ಎಲ್ಲದಕ್ಕೂ ಸುರಿದು ಪೊರಕೇಲಿ ಉಜ್ಜೋದು. ಹೈಡ್ರೋಕ್ಲೋರಿಕ್ ಆಸಿಡ್ ಅದು, ಮಾರ್ಬಲ್ ಆಗಿದ್ರೆ ನೊರೆ ಬರುತ್ತೆ, ಕಡಪ ಆಗಿದ್ರೆ ಬೆಳ್ಳಗಾಗುತ್ತೆ, ಗ್ರಾನೈಟಲ್ಲಿ ಆ ಹೊತ್ತಿಗೆ ಏನೂ ಕಾಣಲ್ಲ ಆದ್ರೆ ಕಲ್ಲಲ್ಲಿರೋ ಕಬ್ಬಿಣದಂಶಕ್ಕೆ ತಗುಲಿ ಕೆಲವು ತಿಂಗಳಾದ ಮೇಲೆ ತಿಳಿಬಣ್ಣದ ಕಲ್ಲಲ್ಲಿ ತುಕ್ಕು ಬಣ್ಣದ ಮಚ್ಚೆ ಏಳೋದುಂಟು, ಸಿಂಕಿನ ಸ್ಟೀಲೂ ಕಪ್ಪಾಗುತ್ತೆ. ಬಹಳಷ್ಟು ಟಾಯ್ಲೆಟ್ ಕ್ಲೀನರಲ್ಲೂ ಇರೋದು ಇದೇ ಆಸಿಡ್ಡು, ಅದನ್ನ ಅಡುಗೆಮನೆ ಕಟ್ಟೆಗೆ ಹಾಕೋ ಮನೆಗಳಿವೆ ದಯವಿಟ್ಟು ಬೇಡ. ಸಿಮೆಂಟ್ ಹನಿ ಬಿದ್ದಿದ್ರೆ ಅವತ್ತೇ ಒದ್ದೆ ಬಟ್ಟೇಲಿ ಒರೆಸಿಸಿ, ಒಣಗಿಹೋಗಿದ್ರೆ ಪಾಲಿಶ್ ಗ್ರಾನೈಟ್ ಮೇಲೆ ಬ್ಲೇಡ್ ಮಲಗಿಸಿ ಕೆರೆದ್ರೆ ಬರುತ್ತೆ. ಬೋರ್‌ವೆಲ್ ನೀರಿನ ಬಿಳೀ ಪೊರೆಗೂ ಅದೇ ಮಾಡಿ. ತಿಳಿಬಣ್ಣದ ಕಲ್ಲಿಗೆ ಕೆಳಗಡೆ ಬೂದು ಸಿಮೆಂಟ್ ಹಾಕಿದ್ರೆ ನೀರಿನ ಜೊತೆ ಅದ್ರ ಛಾಯೆ ಮೇಲಕ್ಕೆ ಏರುತ್ತೆ, ಬಿಳೀ ಸಿಮೆಂಟೋ ಬಿಳೀ ಅಂಟೋ ಹಾಕಿಸಿ, ಕಲ್ಲು ಪೂರ್ತಿ ಒಣಗೋ ತನಕ ಸೀಲರ್ ಹೊಡೆಸ್ಬೇಡಿ, ಒಳಗಿನ ತೇವ ಒಳಗೇ ಉಳ್ಕೊಂಡ್ಬಿಡುತ್ತೆ.

ದಿನದ ಆರೈಕೆ ಅಂತ ದೊಡ್ಡದೇನಿಲ್ಲ. ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು ನೀರಿಗೆ ಹಾಕಿ ಒರೆಸಿ, ಬರೀ ನೀರಲ್ಲಿ ಇನ್ನೊಂದ್ಸಲ, ಒಣ ಬಟ್ಟೆ, ಮುಗೀತು. ಸ್ಟೀಲ್ ನಾರು ಬೇಡ, ಅದ್ರ ಚೂರು ಉಳಿದು ತುಕ್ಕು ಹಿಡಿಯುತ್ತೆ, ಒದ್ದೆ ಕಬ್ಬಿಣದ ಹೆಂಚನ್ನ ಕಟ್ಟೆ ಮೇಲೆ ರಾತ್ರಿಯಿಡೀ ಬಿಟ್ರೂ ಅಷ್ಟೇ. ಅರಿಶಿನ ಚೆಲ್ಲಿದ್ರೆ ಗಾಬರಿಯಾಗಿ ಸೋಪು ಹಾಕಿದ ತಕ್ಷಣ ಅದು ಕೆಂಪಾಗುತ್ತೆ, ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದ್ರೆ ಕೆಂಪಾಗಲ್ವಾ ಹಾಗೆ, ಹೆದರ್ಬೇಡಿ, ತೊಳೆದ ಮೇಲೂ ಉಳಿದಿದ್ದು ಬಿಸಿಲು ಬೀಳೋ ಜಾಗ ಆದ್ರೆ ತಾನೇ ಮಾಸುತ್ತೆ, ಅರಿಶಿನದ ಬಣ್ಣಕ್ಕೆ ಬಿಸಿಲು ಆಗಲ್ಲ. ಎಣ್ಣೆ ಇಳಿದು ಕಪ್ಪು ಮಚ್ಚೆ ಆಗಿದ್ರೆ ಅಡುಗೆ ಸೋಡಾನ ನೀರಲ್ಲಿ ಗಟ್ಟಿಯಾಗಿ ಕಲಸಿ ಕಾಲು ಇಂಚು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ, ಆಮೇಲೆ ಹಾಳೆ ತೆಗೆದು ಒಣಗೋಕೆ ಬಿಟ್ರೆ ಎಣ್ಣೆ ಸೋಡಾಕ್ಕೆ ಏರಿರುತ್ತೆ. ಒಂದೇ ಸಲಕ್ಕೆ ಹೋಗಲಿಲ್ಲ ಅಂದ್ರೆ ಮತ್ತೆ ಹಾಕಿ.

ಈ ತಾಪತ್ರಯ ಯಾಕೆ, ಫ್ಯಾಕ್ಟರೀಲಿ ಮಾಡಿದ ಕ್ವಾರ್ಟ್ಜ್ ಹಾಕಿಸ್ತೀವಿ ಅಂತ ಹೇಳೋರೂ ಬಹಳ ಜನ ಆಗಿದ್ದಾರೆ. ಕಲೆ ಹಿಡಿಯಲ್ಲ, ಒಪ್ಕೊಳ್ತೀನಿ. ಆದ್ರೆ ಅದು ಕ್ವಾರ್ಟ್ಜ್ ಪುಡೀನ ರೆಸಿನ್ನಲ್ಲಿ ಕಟ್ಟಿದ್ದು, ಬಿಸಿ ಕುಕ್ಕರ್ ಇಟ್ರೆ ರೆಸಿನ್ ಸುಟ್ಟು ಗುರುತು ಬೀಳುತ್ತೆ. ಅದಕ್ಕಿಂತ ದೊಡ್ಡದು ಕತ್ತರಿಸೋನ ಶ್ವಾಸಕೋಶದ ಪ್ರಶ್ನೆ. ಅದ್ರ ಧೂಳಲ್ಲಿ ಸಿಲಿಕಾ (ಕ್ವಾರ್ಟ್ಜ್ ಅಂದ್ರೆ ಅದೇ) ವಿಪರೀತ, ಆ ಧೂಳು ಕುಡಿದು ಶ್ವಾಸಕೋಶಕ್ಕೆ ಸಿಲಿಕೋಸಿಸ್ ಕಾಯಿಲೆ ಬಂದ್ರೆ ವಾಸಿ ಮಾಡೋ ಔಷಧಿ ಇಲ್ಲ, ಅದೇ ಕಾರಣಕ್ಕೆ ಆಸ್ಟ್ರೇಲಿಯಾದಲ್ಲಿ 2024ರ ಜುಲೈ 1ರಿಂದ ಅದನ್ನ ನಿಷೇಧಿಸಿದ್ದಾರೆ. ಗ್ರಾನೈಟಲ್ಲೂ ಸಿಲಿಕಾ ಇದೆ, ಕಮ್ಮಿ ಇದೆ ಅಂತ ಸುಮ್ನಿರೋ ಹಾಗಿಲ್ಲ. ನಮ್ಮಲ್ಲಿ ಮೂರನೇ ಮಹಡಿ ಅಡುಗೆಮನೆಯೊಳಗೆ ಕಿಟಕಿ ಮುಚ್ಚಿ ಒಣ ಬ್ಲೇಡಲ್ಲೇ ಕಲ್ಲು ಕೊಯ್ತಾನೆ, ಮೂಗಿಗೆ ಒಂದು ಟವೆಲ್ಲು, ಹುಬ್ಬೆಲ್ಲ ಬಿಳಿ. ಬ್ಲೇಡಿಗೆ ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಏಳೋದು ಬಹಳ ಕಮ್ಮಿ ಆಗುತ್ತೆ, ಅಳತೆ ಕೊಟ್ಟು ಯಾರ್ಡಲ್ಲೇ ಕೊಯ್ಸಿದ್ರೆ ಇನ್ನೂ ಒಳ್ಳೇದು. ಮನೆ ಯಜಮಾನರು ಕೇಳಿದ್ರೆ ಮಾಡ್ತಾರೆ, ಯಾರೂ ಕೇಳಲ್ಲ.

ನಾನು ಪತ್ರ ಬರೆದಿದ್ದು ಮುಖ್ಯವಾಗಿ ಬಿಲ್ಲಿನ ವಿಷಯಕ್ಕೆ. ಲಕ್ಷಗಟ್ಟಲೆ ಕೊಟ್ಟು ತಗೊಳ್ಳೋ ಕಲ್ಲಿಗೆ ಸಿಗೋ ಬಿಲ್ಲಲ್ಲಿ, ಅದೂ ಕೇಳಿದ್ರೆ ಸಿಗೋ ಬಿಲ್ಲಲ್ಲಿ, ಬರೀ ಗ್ರಾನೈಟ್ ಅಂತ ಒಂದು ಪದ, ಪಕ್ಕದಲ್ಲಿ ಇಷ್ಟು ಚದರಡಿ, ಇಷ್ಟು ರೂಪಾಯಿ. ಹತ್ತು ರೂಪಾಯಿ ಬಿಸ್ಕತ್ ಪೊಟ್ಟಣದ ಮೇಲೆ ಒಳಗೇನಿದೆ ಅಂತ ಅಷ್ಟುದ್ದ ಅಚ್ಚು ಹಾಕಿರ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲಿ ವಸ್ತುವಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ಬೆಲೆ ತಿಳ್ಕೊಳ್ಳೋದು ಗ್ರಾಹಕನ ಹಕ್ಕು ಅಂತಲೇ ಇದೆ. ಹಾಗಾದ್ರೆ ಕಲ್ಲಿನ ನಿಜವಾದ ಜಾತಿ, ಯಾವ ಊರ ಕ್ವಾರಿಯದ್ದು, ದಪ್ಪ ಎಷ್ಟು ಎಂಎಂ, ಬಣ್ಣ ಅಥವಾ ರೆಸಿನ್ ಹಾಕಿದೆಯಾ ಇಲ್ವಾ, ಇಷ್ಟು ಬರೆಯೋಕೆ ಏನು ಕಷ್ಟ? ಅಂಗಡಿಯವರು ಸ್ಲ್ಯಾಬ್ ನಾಕು ಕೈ ದಾಟಿ ಬರುತ್ತೆ, ನಮಗೇ ಗೊತ್ತಿರಲ್ಲ ಅಂತಾರೆ. ಗೊತ್ತಿಲ್ಲ ಅಂದ್ರೆ ಬಿಲ್ಲಲ್ಲಿ ಗೊತ್ತಿಲ್ಲ ಅಂತಲೇ ಬರೀಲಿ, ಬೇಕಾದೋರು ತಗೊಳ್ತಾರೆ. ಬಿಲ್ಲಿಲ್ಲದೆ ತಗೊಂಡ್ರೆ ಜಿಎಸ್‌ಟಿ ಉಳಿಯುತ್ತೆ ಅಂತ ಅವರು ಹೇಳಿದ ಕೂಡಲೇ ತಲೆ ಆಡಿಸೋ ನಮ್ಮ ಮನೆ ಮಾಲೀಕರದ್ದೂ ಇದ್ರಲ್ಲಿ ಪಾಲಿದೆ, ಆಮೇಲೆ ಬಣ್ಣ ಬಿಡ್ತು ಅಂತ ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದ್ರೆ ಕೈಯಲ್ಲಿರೋದು ವಿಸಿಟಿಂಗ್ ಕಾರ್ಡ್ ಹಿಂದೆ ಪೆನ್ಸಿಲಲ್ಲಿ ಬರೆದ ಲೆಕ್ಕ.

ನಿಮ್ಮ ಪುಟದಲ್ಲೂ ಫೋಟೊ ಕೆಳಗೆ ಅದು ಯಾವ ಕಲ್ಲು ಅಂತ ಒಂದು ಸಾಲು ಹಾಕಿದ್ರೆ ನಮಗೆ ಸೈಟಲ್ಲಿ ಅರ್ಧ ಜಗಳ ಕಮ್ಮಿ ಆಗುತ್ತೆ.

– ಒಬ್ಬ ಸೈಟ್ ಮೇಲ್ವಿಚಾರಕ, ತುಮಕೂರು